ಸೋಮವಾರ ಬಾಗಿಲು ತೆರೆದವರು

ಕುರುಗೋಡು
12 ಸೆಪ್ಟೆಂಬರ್ 2024

ಶ್ರೀಪ್ರಿಯಾ,

ಕೌದಿ ಗಂಟಿನೊಳಗೆ ಕಾಗದ ಕಂಡು ನಗಬೇಡ. ವೆಬ್‌ಸೈಟಿನ ಲೆಕ್ಕವನ್ನು ನೀನು ಫೋನಿನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೇನೆ. ಹೇಗೂ ಗುರುವಾರಕ್ಕೊಮ್ಮೆ ಗಂಟನ್ನು ಬಸ್ಸಿಗೆ ಹಾಕುತ್ತೇನೆ. ನೀನು ಬಳ್ಳಾರಿಯಲ್ಲಿ ಇಳಿಸಿಕೊಂಡು, ಫೋಟೋ ತೆಗೆದು ಸೈಟಿಗೆ ಹಾಕಿ, ಕೌದಿಗಳನ್ನು ಬ್ರೂಸ್‌ಪೇಟೆಯ ಶೇಖರ್ ಅಂಗಡಿಗೆ ಮುಟ್ಟಿಸಿ, ಖಾಲಿ ಚೀಲ ವಾಪಸ್ ಕಳಿಸುತ್ತೀಯ. ಅದೇ ಚೀಲದಲ್ಲಿ ಉತ್ತರವನ್ನೂ ಹಾಕು. ಬರೆದದ್ದನ್ನು ಎರಡು ಸಲ ಓದಿದರೆ ನನ್ನಂಥವಳ ತಲೆಗೂ ಹತ್ತುತ್ತದೆ. ಕಾಲೇಜಿನಲ್ಲಿ ನಿನ್ನ ನೋಟ್ಸ್ ಓದಿಯೇ ನಾನು ಪಾಸಾದವಳು.

ಈಗ ವಿಷಯಕ್ಕೆ ಬರುತ್ತೇನೆ. ಶೇಖರ್ ಮೊನ್ನೆ ನಮ್ಮ ಮನೆಗೇ ಬಂದಿದ್ದರು. ಇಷ್ಟು ದಿನ ನಾಲ್ಕೋ ಐದೋ ಕೌದಿ ಕೊಳ್ಳುತ್ತಿದ್ದವರು, ದೀಪಾವಳಿ ಪಾಡ್ಯದಿಂದ ನಾವು ಹೊಲಿದದ್ದೆಲ್ಲವನ್ನೂ ಕೊಳ್ಳುತ್ತಾರಂತೆ, ವರ್ಷಪೂರ್ತಿ. ಆದರೆ ಕೌದಿಯ ಮೇಲೆ ಅವರ ಅಂಗಡಿಯ ಲೇಬಲ್ ಇರಬೇಕು. ನಾವು ಬೇರೆಲ್ಲೂ ಮಾರಬಾರದು, ಅಂದರೆ ಸೈಟು ಮುಚ್ಚಬೇಕು. ಇನ್ನೊಂದು, ಕೊನೆಯ ಮೂಲೆ ಮುಚ್ಚುವ ಮುನ್ನ ನಮ್ಮ ಅತ್ತೆ ಒಳಗೆ ಒಂದು ಚೂರು ಒಣರೊಟ್ಟಿ ಇಟ್ಟು ಹೊಲಿಯುತ್ತಾರಲ್ಲ, ಅದನ್ನು ಬಿಡಬೇಕು. ಅತ್ತೆ ಅವರ ಮುಖಕ್ಕೇ ಹೇಳಿದರು: “ಹಸದಿರೋ ಕೌದಿ ಹೊಚಗೊಂಡ್ರ ನಿದ್ದಿ ಬರಂಗಿಲ್ಲಪ್ಪ.”

ನನಗೆ ಆ ಲೇಬಲ್ ಬೇಡ. ನಮ್ಮ ಕೌದಿ ನಮ್ಮ ಹೆಸರಿನಲ್ಲೇ ಹೋಗಬೇಕು. ಆದರೆ ನಮ್ಮ ಅಂಗಳದಲ್ಲಿ ಕೂತು ಹೊಲಿಯುವ ಹೆಂಗಸರು ಹನ್ನೊಂದು ಮಂದಿ. ಅವರ ಪರವಾಗಿ ವರ್ಷದ ಕೆಲಸವನ್ನು ಬೇಡ ಎನ್ನಲು ನನ್ನ ಕಾಲ ಕೆಳಗೆ ಗಟ್ಟಿ ನೆಲ ಬೇಕು. ಸೈಟು ತೆರೆದು ತಿಂಗಳಾಯಿತು. ಜನ ಬರುತ್ತಿದ್ದಾರೋ ಇಲ್ಲವೋ, ಅಷ್ಟು ಹೇಳು. ಬರುತ್ತಿದ್ದರೆ ಶೇಖರ್‌ಗೆ ಕೈಮುಗಿದು ಕಳಿಸುತ್ತೇನೆ.

ಅತ್ತೆ ಮೊದಲು “ಬಾಗ್ಲ ಇಲ್ಲದ್ದು ಎಂಥಾ ಅಂಗಡಿ” ಎಂದು ಮೂಗು ಮುರಿದಿದ್ದರು. ಈಗ ಅಂಗಡಿಗೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಅವರೇ ನಿಂತು ಸಲ್ಲಿಸುತ್ತಿದ್ದಾರೆ.

ಗಂಗೋತ್ರಿ


ಸತ್ಯನಾರಾಯಣಪೇಟೆ, ಬಳ್ಳಾರಿ
14 ಸೆಪ್ಟೆಂಬರ್ 2024

ಗಂಗೋತ್ರಿ,

ನಾನು ನಗಲಿಲ್ಲ, ನಮ್ಮ ಮನೆಯವರು ನಕ್ಕರು. “ಕಾಮರ್ಸ್ ಮೇಡಮ್ಮಿಗೆ ಬಸ್ಸಿನಾಗ ಟಪಾಲು ಬರ್ತದ” ಎಂದು ಸಂಕರ್ಷಣರಿಗೆ ಎರಡು ದಿನದಿಂದ ಅದೇ ಮಾತು.

ಒಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಏರಿಳಿಯುವ ಗೆರೆ ದಿನದಿನದ ಭೇಟಿಗಳ ಲೆಕ್ಕ. ಭೇಟಿ ಬೇರೆ, ಜನ ಬೇರೆ, ಇದನ್ನು ಮೊದಲು ತಿಳಿದುಕೋ. ಕೌದಿ ಹೊಲಿಯುವ ಗಿಡ್ಡಮ್ಮ ನಿಮ್ಮ ಅಂಗಳಕ್ಕೆ ಬೆಳಿಗ್ಗೆ ಒಮ್ಮೆ, ಊಟ ಮುಗಿಸಿ ಒಮ್ಮೆ ಬಂದರೆ ಭೇಟಿ ಎರಡು, ಗಿಡ್ಡಮ್ಮ ಒಬ್ಬರೇ.

ನಮ್ಮ ಸೈಟಿಗೆ ದಿನಕ್ಕೆ ಹತ್ತಿರ ಹತ್ತಿರ ನಲವತ್ತು ಭೇಟಿ. ಊರು ಎಂಬಲ್ಲಿ ಬಹುಪಾಲು ಬೆಂಗಳೂರು ಎಂದಿದೆ. ಬೆಳಗಾಗುತ್ತಲೇ ಒಂದು ಗುಂಪು ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ಬಂದವರು ಒಂದು ಪುಟವನ್ನೂ ಬಿಡದೆ ಕೊನೆತನಕ ನೋಡುತ್ತಾರೆ. ನಾನು ಕಲಿತ ಪ್ರಕಾರ ಇದು ಬಹಳ ಒಳ್ಳೆಯ ಲಕ್ಷಣ. ಬೇಸಿಗೆ ರಜೆಯಲ್ಲಿ ಕಲಿತು ಕಟ್ಟಿದ ನನ್ನ ಮೊದಲ ಸೈಟು ಇದು. ನಿಜ ಹೇಳುತ್ತೇನೆ, ಹೆಮ್ಮೆಯಾಯಿತು.

ಆದರೂ ನೋಡುವವರೆಲ್ಲ ಕೊಳ್ಳುವವರಲ್ಲ. ಇನ್ನೂ ಒಂದು ಆರ್ಡರೂ ಬಂದಿಲ್ಲ. ಶೇಖರ್‌ಗೆ ಈಗಲೇ ಏನೂ ಹೇಳಬೇಡ.

ಶ್ರೀಪ್ರಿಯಾ


ಕುರುಗೋಡು
26 ಸೆಪ್ಟೆಂಬರ್ 2024

ಶ್ರೀಪ್ರಿಯಾ,

ನಿನ್ನ ಹಾಳೆಯನ್ನು ಅಂಗಳದ ಗೋಡೆಗೆ ಅಂಟಿಸಿದ್ದೇನೆ. ಹೊಲಿಯುವವರು ದಾರ ಕಡಿಯುವಾಗಲೆಲ್ಲ ಕತ್ತೆತ್ತಿ ಅದನ್ನು ನೋಡುತ್ತಾರೆ. ಗಿಡ್ಡಮ್ಮ ಹೇಳಿದ್ದನ್ನು ಕೇಳು: “ಬೆಂಗ್ಳೂರು ಮಂದಿ ಹೊತ್ತೇರಿದ ಮ್ಯಾಲೆ ಏಳ್ತಾರಂತಿದ್ರು. ಸುಳ್ಳ ಐತಿ ಬಿಡವ್ವ. ನಮ್ಮಂಗ ಕೋಳಿ ಕೂಗೂ ಹೊತ್ತಿಗೆ ಎದ್ದು ಕೌದಿ ನೋಡಾಕ ಹತ್ಯಾರ.”

ಆರ್ಡರ್ ಬಂದಿಲ್ಲವೆಂದು ನೀನು ಮುಖ ಸಣ್ಣದು ಮಾಡಬೇಡ. ಬ್ರೂಸ್‌ಪೇಟೆಯಲ್ಲಿ ಒಂದು ಸೀರೆ ಕೊಳ್ಳಲು ನಾವಿಬ್ಬರೂ ಎಷ್ಟು ಅಂಗಡಿ ಹತ್ತಿ ಇಳಿಯುತ್ತಿದ್ದೆವು, ನೆನಪು ಮಾಡಿಕೋ. ನಲವತ್ತು ಮಂದಿಯಲ್ಲಿ ಒಬ್ಬರಾದರೂ ಕೊಳ್ಳದೆ ಇರುತ್ತಾರೆಯೇ. ನನಗೆ ಬಹಳ ವರ್ಷಗಳ ಮೇಲೆ ಹೀಗೆ ಎದೆ ಹಗುರಾಗಿದೆ. ಶೇಖರ್ ಮತ್ತೆ ಫೋನು ಮಾಡಿದ್ದರು, ನಾನು ಎತ್ತಲಿಲ್ಲ.

ಗಂಗೋತ್ರಿ


ಬಳ್ಳಾರಿ
28 ಸೆಪ್ಟೆಂಬರ್ 2024

ಗಂಗೋತ್ರಿ,

ಹಾಳೆಯನ್ನು ಗೋಡೆಗೆ ಅಂಟಿಸಿದ್ದು ಓದಿದೆ. ಇನ್ನೆರಡು ವಾರ ಕಾಯೋಣ. ಶೇಖರ್ ಕೇಳಿದರೆ ಪಾಡ್ಯಕ್ಕೆ ಇನ್ನೂ ಸಮಯವಿದೆ ಎನ್ನು.

ಒಂದು ಪ್ರಶ್ನೆ, ಸುಮ್ಮನೆ ಕೇಳುತ್ತಿದ್ದೇನೆ. ಸೋಮವಾರ ನೀವೆಲ್ಲ ಏನು ಮಾಡುತ್ತೀರಿ?

ಕಾಲೇಜಿನಲ್ಲಿ ಪರೀಕ್ಷೆಯ ಗಡಿಬಿಡಿ, ಹೆಚ್ಚು ಬರೆಯಲಾಗುತ್ತಿಲ್ಲ.

ಶ್ರೀಪ್ರಿಯಾ


ಕುರುಗೋಡು
3 ಅಕ್ಟೋಬರ್ 2024

ಶ್ರೀಪ್ರಿಯಾ,

ಸುಮ್ಮನೆ ಕೇಳುವವಳಲ್ಲ ನೀನು, ಆದರೂ ಹೇಳುತ್ತೇನೆ. ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಸೂಜಿಗೆ ದಾರ ಪೋಣಿಸುವುದಿಲ್ಲ. ಬಸವೇಶ್ವರನ ಗುಡಿಗೆ ಹೋಗಿಬರುತ್ತೇವೆ. ಆ ದಿನ ಅಂಗಡಿಯನ್ನೂ ತೆರೆಯುವುದಿಲ್ಲ. ಉಳಿದ ದಿನ ಮುಂಜಾನೆ ಮೈ ತೊಳೆದ ಕೂಡಲೇ ಅತ್ತೆ ಎಲ್ಲರ ಕೈಯಲ್ಲೂ ಫೋನು ಹಿಡಿಸಿ ನಮ್ಮ ಸೈಟು ತೆರೆಸುತ್ತಾರೆ. ಅಂಗಡಿ ಎಂದ ಮೇಲೆ ಮೊದಲು ನಮ್ಮ ಕೈಯಿಂದಲೇ ತೆರೆಯಬೇಕಂತೆ. ಕಸ ಹೊಡೆದ ಹಾಗೆ ಒಂದೊಂದೇ ಪುಟ ಸರಿಸುತ್ತ ಕೊನೆತನಕ ಹೋಗಬೇಕು. ಸಂಜೆ ದೀಪ ಹಚ್ಚಿ ಇನ್ನೊಮ್ಮೆ ನೋಡಿ ಮುಚ್ಚಬೇಕು. ಹೊಲಿಯುವವರಷ್ಟೇ ಅಲ್ಲ, ಅವರ ಸೊಸೆಯಂದಿರು, ನಾದಿನಿಯರು, ಯಾರಿಗೂ ಬಿಡುವಿಲ್ಲ. ಅತ್ತೆಯ ಭಕ್ತಿ ನೋಡಿದರೆ ನಿನಗೆ ನಗು ಬರುತ್ತಿತ್ತು.

ಇನ್ನೊಂದು ಸುದ್ದಿ. ಶೇಖರ್‌ಗೆ ಬೇಡ ಎಂದು ಹೇಳಿಬಿಟ್ಟೆ. ನಿನ್ನನ್ನು ಕೇಳಲಿಲ್ಲ, ಕೇಳಿದ್ದರೆ ನೀನು ತಡೆಯುತ್ತಿದ್ದೆ. ಪರೀಕ್ಷೆಯಲ್ಲಿ ಸರಿಯುತ್ತರ ಬರೆದೂ ಮೂರು ಸಲ ತಿದ್ದುವವಳು ನೀನು. “ದಿನಕ್ಕ ನಲವತ್ತು ಮಂದಿ ನಮ್ಮಲ್ಲಿಗೆ ಬರ್ತಾರ್ರಿ” ಎಂದೆ. “ಹೌದೇನವ್ವ” ಎಂದು ಎದ್ದು ಹೋದರು. ಇನ್ನು ಬಿಡಿ ಕೌದಿಗಳನ್ನೂ ಕೊಳ್ಳುವುದಿಲ್ಲವಂತೆ. ಈ ಗಂಟು ನಿನ್ನ ಮನೆಯಲ್ಲೇ ಇರಲಿ.

ಗಂಗೋತ್ರಿ


ಬಳ್ಳಾರಿ
5 ಅಕ್ಟೋಬರ್ 2024

ಗಂಗೋತ್ರಿ,

ಇದನ್ನು ಒಬ್ಬಳೇ ಕೂತು ಓದು.

ಆ ನಲವತ್ತು ನೀವೇ. ಬೆಳಗಿನ ಗುಂಪು ನೀವು, ದೀಪದ ಹೊತ್ತಿನ ಗುಂಪೂ ನೀವು. ಒಂದು ಪುಟವನ್ನೂ ಬಿಡದೆ ನೋಡಿದ್ದು ಗಿರಾಕಿಗಳಲ್ಲ, ನಿಮ್ಮ ಅತ್ತೆಯ ಕಸಬರಿಗೆ. ಸೋಮವಾರ ಬಂದರೆ ಗೆರೆ ನೆಲಕ್ಕೆ ಬೀಳುತ್ತಿತ್ತು, ಪ್ರತಿ ಸೋಮವಾರವೂ. ಬೆಂಗಳೂರಿನವರು ಸೋಮವಾರ ಉಪವಾಸ ಮಾಡಿದರೂ ಫೋನು ಬಿಡುವವರಲ್ಲ.

ಬೆಂಗಳೂರು ಎಂದು ಏಕೆ ಬಂತು ಎನ್ನುವೆ. ಮೊಬೈಲ್ ಡೇಟಾದಲ್ಲಿ ತೆರೆದರೆ ವರದಿಗೆ ಕಾಣುವುದು ಫೋನು ಇರುವ ಊರಲ್ಲ, ಆ ಕಂಪನಿಯ ಜಾಲ ಎಲ್ಲಿ ಹೊರಗೆ ಬರುತ್ತದೋ ಆ ಊರು. ಕುರುಗೋಡಿನಲ್ಲಿ ಬಸ್ ಹತ್ತಿದವರು ಬಳ್ಳಾರಿ ಸ್ಟ್ಯಾಂಡಿನಲ್ಲಿ ಇಳಿದರೆ, ಕಂಡವರು ಬಳ್ಳಾರಿಯವರೆಂದೇ ತಿಳಿಯುತ್ತಾರಲ್ಲ, ಹಾಗೆ. ನನಗೆ ಇದು ಗೊತ್ತಿರಬೇಕಿತ್ತು.

ಕಳೆದ ಕಾಗದ ಬರೆಯುವಾಗಲೇ ಅನುಮಾನವಿತ್ತು. ನೀನು ಎದೆ ಹಗುರಾಗಿದೆ ಎಂದು ಬರೆದಿದ್ದೆ, ಅದಕ್ಕೆ ಬರೆಯಲು ಕೈ ಬರಲಿಲ್ಲ. ನೀನು ಶೇಖರ್‌ಗೆ ಹೇಳಿಬಿಡುತ್ತೀಯ ಎಂದು ಎಣಿಸಿರಲಿಲ್ಲ. ನಾನೇ ಬ್ರೂಸ್‌ಪೇಟೆಗೆ ಹೋಗಿ ಅವರ ಹತ್ತಿರ ಮಾತಾಡಲೇ?

ಶ್ರೀಪ್ರಿಯಾ


ಕುರುಗೋಡು
24 ಅಕ್ಟೋಬರ್ 2024

ಶ್ರೀಪ್ರಿಯಾ,

ಎರಡು ಗುರುವಾರ ಗಂಟು ಮಾತ್ರ ಕಳಿಸಿದೆ, ಕಾಗದ ಇಡಲಿಲ್ಲ. ಸಿಟ್ಟು ಬಂದಿತ್ತು. ಮೊದಲು ನಿನ್ನ ಮೇಲೆ, ಆಮೇಲೆ ಬೆಂಗಳೂರಿನ ಮೇಲೆ, ಕೊನೆಗೆ ನನ್ನ ಮೇಲೆ. ನಿನಗೆ ಅನುಮಾನವಿದ್ದೂ ನೀನು ಬಾಯಿ ಬಿಡಲಿಲ್ಲ, ನಾನು ಕೇಳದೆ ಬಾಯಿ ಬಿಟ್ಟೆ. ಅಲ್ಲಿಗಲ್ಲಿಗೆ ಸರಿಹೋಯಿತು.

ಹಾಳೆಯನ್ನು ಗೋಡೆಯಿಂದ ಕಿತ್ತೆ. ಎಲ್ಲರನ್ನೂ ಕೂರಿಸಿ ಇದ್ದದ್ದು ಇದ್ದಂತೆ ಹೇಳಿದೆ. ಅತ್ತೆ ಸೂಜಿ ಕೆಳಗಿಟ್ಟು, “ಇಷ್ಟ ದಿನಾ ನಮ್ಮನ್ನ ನಾವ ಎಣಿಸಿಕೋತ ಕುಂತಿದ್ವೇನ” ಎಂದರು. ಅವರು ಅಷ್ಟು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗಿಡ್ಡಮ್ಮ ಮರುದಿನ ಬರಲಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಕ್ಕೆ ಸೇರಿದ್ದಾಳಂತೆ, ದಿನಾ ಬಸ್ಸಿಗೆ ಹೋಗಿಬರುತ್ತಾಳೆ. ಅವಳನ್ನು ತಪ್ಪು ಎನ್ನಲಾರೆ.

ಶೇಖರ್ ಹತ್ತಿರ ನೀನು ಹೋಗಬೇಡ. ಅವರೇ ಹೇಳಿಕಳಿಸಿದ್ದಾರೆ, ವರ್ಷಪೂರ್ತಿ ಕೊಳ್ಳುವ ಅವರ ಮಾತು ಕಾರ್ತಿಕ ಮುಗಿಯುವವರೆಗೆ ಹಾಗೆಯೇ ಇರುತ್ತದಂತೆ. ಒಳ್ಳೆಯ ಮನುಷ್ಯರೇ. ಆದರೆ ಹೆದರಿ ಹೋಗಿ ಅವರ ಲೇಬಲ್ ಹಚ್ಚಿಕೊಳ್ಳುವುದು ನನಗೆ ಬೇಡ. ಹೋಗುವುದಾದರೆ ನಿಜ ತಿಳಿದು ಹೋಗುತ್ತೇನೆ, ನಿಲ್ಲುವುದಾದರೂ ನಿಜ ತಿಳಿದೇ ನಿಲ್ಲುತ್ತೇನೆ.

ನಿನ್ನ ಕಾಗದ ಬಂದ ದಿನದಿಂದ ನಮ್ಮವರು ಯಾರೂ ಸೈಟು ತೆರೆದಿಲ್ಲ. ಉಳಿದದ್ದು ಎಷ್ಟು ಎಂದು ಬರೆ. ಸೊನ್ನೆ ಇದ್ದರೆ ಸೊನ್ನೆ ಎನ್ನು. ಇನ್ನು ಮೇಲೆ ಕೆಟ್ಟ ಸುದ್ದಿ ಮೊದಲು, ಕ್ಷೇಮ ಸಮಾಚಾರ ಆಮೇಲೆ.

ಗಂಗೋತ್ರಿ


ಬಳ್ಳಾರಿ
26 ಅಕ್ಟೋಬರ್ 2024

ಗಂಗೋತ್ರಿ,

ಕೆಟ್ಟ ಸುದ್ದಿ: ದಿನಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು. ಒಂದೆರಡು ದಿನ ಯಾರೂ ಇಲ್ಲ. ಬಂದವರಲ್ಲಿ ಬಹಳ ಜನ ಮೊದಲ ಪುಟದಿಂದಲೇ ತಿರುಗಿ ಹೋಗುತ್ತಾರೆ.

ಆದರೆ ಒಬ್ಬರು ಹಾಗಲ್ಲ. ಊರು ಹೈದರಾಬಾದ್ ಎಂದು ತೋರಿಸುತ್ತಿದೆ. ಹೆಚ್ಚುಕಡಿಮೆ ದಿನಾ ಮಧ್ಯಾಹ್ನದ ಊಟದ ಹೊತ್ತಿಗೆ ಬರುತ್ತಾರೆ. ಕೌದಿಗಳ ಫೋಟೋ ನೋಡುವುದಿಲ್ಲ, ಬೆಲೆ ನೋಡುವುದಿಲ್ಲ. ನೇರವಾಗಿ ಒಂದೇ ಪುಟಕ್ಕೆ ಹೋಗುತ್ತಾರೆ, “ನಿಮ್ಮ ಮನೆಯ ಹಳೆಯ ಸೀರೆಗಳಿಂದ ಕೌದಿ” ಎಂಬ ಪುಟ. ಅಲ್ಲಿ ಬಹಳ ಹೊತ್ತು ಇದ್ದು ಹೊರಟುಬಿಡುತ್ತಾರೆ. ಆ ನಲವತ್ತು ನಿಮ್ಮದಾಗಿದ್ದಾಗ ಈ ಒಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಏಕೆ ಬರುತ್ತಾರೆ, ಏಕೆ ಹೋಗುತ್ತಾರೆ ಎಂಬುದು ವರದಿಯಲ್ಲಿ ಇಲ್ಲ.

ಇನ್ನು ಕ್ಷೇಮ ಸಮಾಚಾರ. ನಮ್ಮ ಮನೆಯಲ್ಲಿ ಕೌದಿಗಳು ಅಟ್ಟ ತುಂಬಿ ಮಂಚಕ್ಕೆ ಇಳಿದಿವೆ. ಸಂಕರ್ಷಣರು ಜಾಗವಿಲ್ಲದೆ ನಾಲ್ಕು ಹಾಸಿಕೊಂಡು ಒಂದು ಹೊದ್ದುಕೊಳ್ಳುತ್ತಾರೆ. ನಗುವುದನ್ನು ಬಿಟ್ಟಿದ್ದಾರೆ, ನಿದ್ದೆ ಚೆನ್ನಾಗಿ ಬರುತ್ತಿದೆಯಂತೆ.

ಶ್ರೀಪ್ರಿಯಾ


ಕುರುಗೋಡು
7 ನವೆಂಬರ್ 2024

ಶ್ರೀಪ್ರಿಯಾ,

ಒಂದೇ ಒಂದು ಸಲ ಆ ಪುಟ ತೆರೆದೆ, ಲೆಕ್ಕದಿಂದ ನನ್ನನ್ನು ಕಳೆದುಬಿಡು. ಅಂಗಡಿಯವಳಾಗಿ ಓದಲಿಲ್ಲ, ಗಿರಾಕಿಯಾಗಿ ಓದಿದೆ. “ಹಳೆಯ ಸೀರೆಗಳನ್ನು ಕೆಳಗಿನ ವಿಳಾಸಕ್ಕೆ ಕೊರಿಯರ್ ಮಾಡಿ” ಎಂದಿದೆ. ನನ್ನ ಅವ್ವ ಹೋದಾಗ ನನಗೆ ಉಳಿದದ್ದು ನಾಲ್ಕು ಸೀರೆ. ಅವನ್ನು ಮುಖವಿಲ್ಲದ, ಹೆಸರಿಲ್ಲದ ಒಂದು ವಿಳಾಸಕ್ಕೆ ಕಳಿಸುತ್ತಿದ್ದೆನೇ? ಇಲ್ಲ. ದಿನಾ ಬಂದು ಓದುತ್ತಿದ್ದೆ, ಮನಸ್ಸಾಗದೆ ಹೋಗುತ್ತಿದ್ದೆ. ಆ ಹೈದರಾಬಾದಿನವರ ಕತೆ ಇದೇ ಎಂದು ನನ್ನ ಎದೆ ಹೇಳುತ್ತದೆ.

ಆದ್ದರಿಂದ ಪುಟ ಬದಲಿಸು. ಹೊಲಿಯುವ ಹತ್ತೂ ಮಂದಿಯ ಹೆಸರು ಹಾಕು. ನನ್ನ ಫೋನ್ ನಂಬರ್ ದೊಡ್ಡದಾಗಿ ಹಾಕು. ಹೀಗೆ ಬರೆ: “ಹತ್ತಿರದ ಊರಾದರೆ ನಾವೇ ಮನೆಗೆ ಬರುತ್ತೇವೆ. ದೂರವಾದರೆ ಮೊದಲು ಮಾತಾಡೋಣ. ಸೀರೆಗೆ ಮೊದಲ ಕತ್ತರಿ ನೀವೇ ಹಾಕಿ.” ಮೂಲೆಯ ರೊಟ್ಟಿಯ ವಿಷಯವನ್ನೂ ಬರೆ, ಮುಚ್ಚಿಡಬೇಡ. ಬೇಡ ಎನ್ನುವವರಿಗೆ ಇಡುವುದಿಲ್ಲ.

ಅತ್ತೆಯ ಫೋಟೋ ಇದರ ಜೊತೆಗಿದೆ. ಹಿಂದೆ “ಮಾರಾಕ ಇಟ್ಟಿದ್ದು ಕೌದಿ, ನಾನಲ್ಲ” ಎಂದು ನಿನ್ನನ್ನು ಓಡಿಸಿದ್ದರಲ್ಲ. ಈಗ ವಿಷಯ ಹೇಳಿದ ಮೇಲೆ “ಅಕಿ ಸೀರಿ ಕೊಡಾಕ ಅಂಜ್ತಾಳಂದ್ರ ತೆಗಿ” ಎಂದು ಸೆರಗು ಸರಿಮಾಡಿಕೊಂಡರು. ಹೈದರಾಬಾದಿನವರು ಫೋನು ಮಾಡಿದರೆ ಇರಲಿ ಎಂದು ಎರಡು ದಿನದಿಂದ ತೆಲುಗು ಮಾತಾಡುತ್ತ ತಿರುಗುತ್ತಿದ್ದಾರೆ.

ಗಂಗೋತ್ರಿ


ಬಳ್ಳಾರಿ
16 ನವೆಂಬರ್ 2024

ಗಂಗೋತ್ರಿ,

ಕೆಟ್ಟ ಸುದ್ದಿ ಮೊದಲು. ಪುಟ ಬದಲಿಸಿದ ಮರುದಿನ ಆ ಹೈದರಾಬಾದಿನವರು ಬಂದರು, ಎಂದಿಗಿಂತ ಹೆಚ್ಚು ಹೊತ್ತು ಇದ್ದರು. ಅಷ್ಟೇ, ಆಮೇಲೆ ಬಂದೇ ಇಲ್ಲ. ಇಡೀ ವಾರ ಇಲ್ಲ. ಇದ್ದ ಒಬ್ಬರನ್ನೂ ನಾವು ಹೆದರಿಸಿ ಓಡಿಸಿದೆವೇನೋ. ತಪ್ಪು ತಿಳಿಯಬೇಡ, ಫೋಟೋದಲ್ಲಿ ನಿಮ್ಮ ಅತ್ತೆ ಸ್ವಲ್ಪ ಗದರುವ ಹಾಗೆಯೇ ಇದ್ದಾರೆ.

ನಿನ್ನಿಂದ ಕಾಗದವೂ ಇಲ್ಲ. ಬ್ರೂಸ್‌ಪೇಟೆಯಲ್ಲಿ ಶೇಖರ್ ಸಿಕ್ಕಿದ್ದರು. “ಕಾರ್ತಿಕ ಮುಗಿಯಾಕ ಬಂತ್ರಿ ಮೇಡಂ” ಎಂದರು. ನಿನ್ನನ್ನೇ ಕೇಳಲಿ ಎಂದೆ. ಸೋತು ಅವರ ಹತ್ತಿರ ಹೋದರೂ ನಾನು ನಿನ್ನ ಜೊತೆಗಿರುತ್ತೇನೆ, ಇದನ್ನು ಬರೆದೇ ಹೇಳಬೇಕೆನಿಸಿತು.

ಶ್ರೀಪ್ರಿಯಾ


ಕುರುಗೋಡು
21 ನವೆಂಬರ್ 2024

ಶ್ರೀಪ್ರಿಯಾ,

ಅವರು ಸೈಟಿಗೆ ಬರುವುದನ್ನು ನಿಲ್ಲಿಸಿದ್ದು ನನಗೆ ಫೋನು ಮಾಡಿದ್ದರಿಂದ. ಕೆಲಸ ಕೈಗೆ ಹತ್ತಿದ ಮೇಲೆಯೇ ನಿನಗೆ ಹೇಳೋಣವೆಂದು ಬಾಯಿ ಹೊಲಿದುಕೊಂಡಿದ್ದೆ. ಒಂದು ಸಲ ಬಾಯಿ ಬಿಟ್ಟು ಕಲಿತ ಪಾಠ.

ಹೈದರಾಬಾದೂ ಅಲ್ಲ, ಮಣ್ಣೂ ಅಲ್ಲ. ಸಿರುಗುಪ್ಪದವರು, ಹೆಸರು ನೀಲಾವತಿ. ಅಲ್ಲೊಂದು ಕಚೇರಿಯಲ್ಲಿ ಗುಮಾಸ್ತರು. ಊಟದ ಬಿಡುವಿನಲ್ಲಿ ನಮ್ಮ ಪುಟ ತೆರೆದು ಕೂರುತ್ತಿದ್ದರಂತೆ. ಅತ್ತೆಯ ತೆಲುಗು ದಂಡವಾಯಿತು.

ಬಸ್ಸಿಗೆ ನಾನೂ ಅತ್ತೆಯೂ ಹೋದೆವು. ಅವರ ತಾಯಿ ತೀರಿಕೊಂಡು ಎರಡು ವರ್ಷ. ಮಂಚದ ಮೇಲೆ ಏಳು ಸೀರೆ ಮಡಿಸಿಟ್ಟಿದ್ದರು. ಅತ್ತೆ ಕತ್ತರಿ ಕೊಟ್ಟರೆ ಅದನ್ನು ಪಕ್ಕಕ್ಕಿಟ್ಟು, ಮಡಿಸಿದ ಸೀರೆಗಳನ್ನೇ ಮತ್ತೆ ಬಿಚ್ಚಿ ಮಡಿಸತೊಡಗಿದರು. ಅತ್ತೆ ಬೇಗ ಮಾಡು ಎನ್ನಲಿಲ್ಲ. ಚಹಾ ಆರಿಹೋಗುವವರೆಗೂ ಇಬ್ಬರೂ ಆ ತಾಯಿಯ ಬಗ್ಗೆಯೇ ಮಾತಾಡಿದರು. ಆಮೇಲೆ ನೀಲಾವತಿಯವರು ತಾವಾಗಿಯೇ ಹಸಿರು ಸೀರೆಗೆ ಕತ್ತರಿ ಹಾಕಿದರು. ಹೊರಡುವಾಗ ಅಡುಗೆಮನೆಯಿಂದ ಒಂದು ಚೂರು ರೊಟ್ಟಿ ತಂದು ಕಾಗದದಲ್ಲಿ ಸುತ್ತಿ ಅತ್ತೆಯ ಕೈಗಿಟ್ಟರು. “ನಮ್ಮವ್ವ ಕೊನಿ ದಿನದಾಗ ಏನೂ ಉಣ್ಣಲಿಲ್ರಿ. ಮೂಲಿಗೆ ಇದನ್ನ ಇಡ್ರಿ,” ಎಂದರು. ನನಗೆ ಅಳು ತಡೆಯಲಾಗಲಿಲ್ಲ, ಅತ್ತೆಗೂ.

ಕೌದಿ ಮುಗಿಯಿತು. ಮೊನ್ನೆ ನಾನೇ ಹೋಗಿ ಕೊಟ್ಟುಬಂದೆ. ಅದನ್ನು ಹೊದ್ದು ತೆಗೆದ ಫೋಟೋವನ್ನೂ ನಮ್ಮ ಸೈಟಿನ ಲಿಂಕನ್ನೂ ಅವರು ತಮ್ಮ ಬಳಗಕ್ಕೆಲ್ಲ ಕಳಿಸುತ್ತಾರಂತೆ. ನೋಡೋಣ. ಈ ಸಲ ನಾನು ಏನನ್ನೂ ಗೋಡೆಗೆ ಅಂಟಿಸುವುದಿಲ್ಲ.

ಗಂಗೋತ್ರಿ


ಬಳ್ಳಾರಿ
26 ನವೆಂಬರ್ 2024

ಗಂಗೋತ್ರಿ,

ಕೆಟ್ಟ ಸುದ್ದಿ ಇಲ್ಲ.

ನಿನ್ನೆ ಕಾರ್ತಿಕದ ಕಡೆಯ ಸೋಮವಾರ. ನೀವೆಲ್ಲ ಗುಡಿಯಲ್ಲಿದ್ದಿರಿ, ಫೋನು ಮುಟ್ಟಿಲ್ಲ ಎಂದು ಗೊತ್ತು. ನಾನೂ ಮುಟ್ಟಲಿಲ್ಲ, ಇವರ ಕೈಯಿಂದಲೂ ಕಸಿದಿಟ್ಟಿದ್ದೆ. ನಿನ್ನೆ ನಮ್ಮ ಸೈಟಿಗೆ ಒಂಬತ್ತು ಜನ ಬಂದಿದ್ದಾರೆ. ಒಂಬತ್ತು ಭೇಟಿ ಅಲ್ಲ, ಒಂಬತ್ತು ಜನ. ಬೇರೆ ಬೇರೆ ಹೊತ್ತಿನಲ್ಲಿ ಬಂದಿದ್ದಾರೆ, ತಮಗೆ ಬೇಕಾದ ಪುಟ ಮಾತ್ರ ನೋಡಿದ್ದಾರೆ. ಇಬ್ಬರು ತಮ್ಮ ಮನೆಯ ಸೀರೆಗಳ ಬಗ್ಗೆ ಬರೆದು ಕೇಳಿದ್ದಾರೆ. ಒಬ್ಬರು ಈಗ ನಾನು ಕೂತಿರುವ ಕೌದಿಯನ್ನೇ ಕೊಂಡಿದ್ದಾರೆ, ಎದ್ದು ಪ್ಯಾಕ್ ಮಾಡಬೇಕು.

ಒಂಬತ್ತು ದೊಡ್ಡ ಸಂಖ್ಯೆಯಲ್ಲ. ನಾಳೆ ಮೂರಾಗಬಹುದು. ಶೇಖರ್ ಕೊಡುವ ವರ್ಷದ ಕೆಲಸಕ್ಕೆ ಇದು ಸಮವಲ್ಲ. ಇದನ್ನು ಈಗಲೇ ಹೇಳುತ್ತಿದ್ದೇನೆ. ತೀರ್ಮಾನ ನಿನ್ನದು.

ಶ್ರೀಪ್ರಿಯಾ


ಕುರುಗೋಡು
28 ನವೆಂಬರ್ 2024

ಶ್ರೀಪ್ರಿಯಾ,

ನಿನ್ನ ಕಾಗದವನ್ನು ಅಂಗಳದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ, ನಾಳೆ ಮೂರಾಗಬಹುದು ಎಂಬುದನ್ನೂ ಬಿಡದೆ. ಅತ್ತೆ ಕೇಳಿದರು: “ಸೋಮವಾರ ನಾವ್ಯಾರೂ ತೆರೀಲಿಲ್ಲಲ್ಲ. ಮತ್ತ ಬಾಗ್ಲ ತೆಗದೋರು ಯಾರು?”

“ಬಂದೋರ ತೆಗದ್ರು ಅತ್ತಿ,” ಎಂದೆ.

ಅವರು ಸೂಜಿಯನ್ನು ತಲೆಗೂದಲಿಗೆ ಒಮ್ಮೆ ಸವರಿಕೊಂಡು, “ಹಂಗಾರ ಅದು ಅಂಗಡೀನ,” ಎಂದು ಮತ್ತೆ ಹೊಲಿಯಲು ತೊಡಗಿದರು.

ಮುಂದೇನು ಎಂದು ಒಬ್ಬೊಬ್ಬರನ್ನೂ ಕೇಳಿದೆ. ಇಬ್ಬರು ಶೇಖರ್ ಕಡೆ ಹೋಗೋಣ ಎಂದರು, ಉಳಿದವರು ನಿಲ್ಲೋಣ ಎಂದರು. ಆ ಇಬ್ಬರೂ ಆಮೇಲೆ ಎದ್ದು ಹೋಗಲಿಲ್ಲ. ಗಿಡ್ಡಮ್ಮನಿಗೂ ಹೇಳಿಕಳಿಸಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ನೋಡುತ್ತಾಳಂತೆ, ಅಷ್ಟೇ ಅಂದಿದ್ದಾಳೆ. ಕೆಲಸ ಕಡಿಮೆ ಬೀಳುವ ವಾರ ಬರುತ್ತದೆ, ನನಗೆ ಗೊತ್ತು. ಆಗ ನಾನೇ ಊರೂರು ತಿರುಗಿ ಸೀರೆ ಕೇಳಿ ತರುತ್ತೇನೆ.

ಶೇಖರ್‌ಗೆ ನಾನೇ ಫೋನು ಮಾಡಿದೆ. ಬೇಡ ಎಂದೆ. ಅವರು ಸಿಟ್ಟಾಗಲಿಲ್ಲ. “ಈಗ ದಿನಕ್ಕ ಎಷ್ಟು ಮಂದಿ ಬರ್ತಾರವ್ವ?” ಎಂದು ಕೇಳಿದರು.

“ಸೋಮವಾರ ಒಂಬತ್ತು ಮಂದಿ ಬಂದಿದ್ರು ನೋಡ್ರಿ,” ಎಂದೆ.

“ಆವಾಗ ನಲವತ್ತು ಅಂದಿದ್ದಿ. ಭಾಳ ಇಳದೈತಲ್ಲ.”

“ಹೌದ್ರಿ, ಇಳದೈತಿ,” ಎಂದೆ. “ಆದ್ರ ಈ ಸಲ ಅದರಾಗ ಒಬ್ರೂ ನಮ್ಮ ಮನಿಯೋರಲ್ಲ.”

ಗಂಗೋತ್ರಿ